ಲೈಬ್ರರಿಯಲ್ಲಿ ಸ್ವಯಂಸೇವೆ ಮಾಡುವ ಆಸೆ: ಮುಂಬೈಯಲ್ಲಿ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಡೊಂಬಿವಲಿಯಿಂದ

ಬ್ಯಾಂಕಿನಿಂದ ನಿವೃತ್ತಿ ಆಯಿತು. ವಾರದಲ್ಲಿ ಎರಡು ಮಧ್ಯಾಹ್ನ ಬಿಡುವಿದೆ. ಯಾವುದಾದರೂ ಸಾರ್ವಜನಿಕ ವಾಚನಾಲಯದಲ್ಲಿ ಸಂಬಳವಿಲ್ಲದೆ ಕೈಲಾದ ಕೆಲಸ ಮಾಡಬೇಕು ಅಂತ ಆಸೆ. ಲೈಬ್ರರಿ ಸೈನ್ಸ್ ಓದಿದವಳಲ್ಲ. ಮರಾಠಿ ಮಾತಾಡುತ್ತೇನೆ, ಬರೆಯುವುದು ಅಷ್ಟಕ್ಕಷ್ಟೆ. ನನ್ನಂಥವರನ್ನು ಸೇರಿಸಿಕೊಳ್ಳುತ್ತಾರಾ? ಅನುಭವ ಇದ್ದವರು ಹೇಳಿ.

ಮುಲುಂಡ್‌ನಿಂದ

ಅಕ್ಕ, ಧೈರ್ಯವಾಗಿ ಹೋಗಿ. ಆದರೆ "ಏನಾದರೂ ಕೆಲಸ ಕೊಡಿ" ಅಂತ ಕೇಳಬೇಡಿ. ನಿಮಗೊಂದು ಕೆಲಸ ಹುಡುಕುವುದೇ ಗ್ರಂಥಪಾಲರಿಗೆ ಇನ್ನೊಂದು ಕೆಲಸ ಆಗುತ್ತದೆ. "ನಿಮ್ಮಲ್ಲಿ ಕನ್ನಡ ಪುಸ್ತಕ ಇದೆಯಾ? ಅದರ ಪಟ್ಟಿ ಆಗಿದೆಯಾ?" ಅಂತ ಕೇಳಿ ನೋಡಿ. ಕನ್ನಡ ಲಿಪಿ ಓದಲು ಬರುತ್ತದಲ್ಲ, ಈ ಊರಲ್ಲಿ ಅದೇ ನಿಮ್ಮ ದೊಡ್ಡ ಬಂಡವಾಳ.

ನಾನು ಹೋಗುವ ವಾಚನಾಲಯದಲ್ಲಿ ಕನ್ನಡದ್ದು ಎರಡು ಕಪಾಟು. ಹೆಚ್ಚಿನವು ಯಾರೋ ಹಿರಿಯರು ತೀರಿಕೊಂಡ ಮೇಲೆ ಮನೆಯವರು ತಂದುಕೊಟ್ಟ ಪುಸ್ತಕಗಳು. ಗ್ರಂಥಪಾಲರು ಮರಾಠಿಯವರು, ತುಂಬಾ ಶ್ರದ್ಧೆಯ ಮನುಷ್ಯ. ಆದರೆ ಕನ್ನಡ ಓದಲು ಬಾರದಿದ್ದರೆ ಅವರಾದರೂ ಏನು ಮಾಡಿಯಾರು? ಕಾದಂಬರಿ, ಅಡುಗೆ ಪುಸ್ತಕ, ಯಕ್ಷಗಾನ ಪ್ರಸಂಗ ಎಲ್ಲ ಎತ್ತರ ನೋಡಿ ಒಂದೇ ಸಾಲಲ್ಲಿ ನಿಂತಿದ್ದವು.

ಮೊದಲು ವಿಂಗಡಣೆ ಮಾಡಿದೆವು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಕೊನೆಗೆ 1 ಬಂದರೆ ಕವಿತೆ, 2 ಬಂದರೆ ನಾಟಕ, 3 ಬಂದರೆ ಕಥೆ-ಕಾದಂಬರಿ. ಇಷ್ಟು ಗೊತ್ತಿದ್ದರೆ ಅರ್ಧ ಕಪಾಟು ಹಾದಿಗೆ ಬಂದ ಹಾಗೆ. ಆಮೇಲೆ ಅಕ್ಸೆಷನ್ ರಿಜಿಸ್ಟರ್. ಒಂದೊಂದು ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ, ಲೇಖಕರು, ಪ್ರಕಾಶಕರು, ವರ್ಷ, ಯಾರು ಕೊಟ್ಟದ್ದು. ಬ್ಯಾಂಕಿನ ಲೆಡ್ಜರ್ ಬರೆದ ನಿಮಗೆ ಇದು ನೀರು ಕುಡಿದಷ್ಟು ಸುಲಭ.

ಲೇಖಕರ ಹೆಸರು ಬರೆಯುವಾಗ ಮಾತ್ರ ಜೋಪಾನ. ಬೇಂದ್ರೆ ಒಂದು ಕಡೆ, ಅಂಬಿಕಾತನಯದತ್ತ ಇನ್ನೊಂದು ಕಡೆ ದಾಖಲಾದರೆ ಹುಡುಕುವವರಿಗೆ ಎಲ್ಲ ಪುಸ್ತಕ ಒಟ್ಟಿಗೆ ಸಿಗುವುದಿಲ್ಲ. ಯಾವುದಾದರೂ ಒಂದೇ ಹೆಸರು ಇಟ್ಟುಕೊಂಡು, ಇನ್ನೊಂದರ ಹತ್ತಿರ "ಅಲ್ಲಿ ನೋಡಿ" ಅಂತ ಬರೆಯಬೇಕು. ಕಂಪ್ಯೂಟರ್ ಪಟ್ಟಿ ಇದ್ದರೆ ಕನ್ನಡ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕೋಹಾದಂಥ ಉಚಿತ ತಂತ್ರಾಂಶದಲ್ಲಿ ಕನ್ನಡ ಚೆನ್ನಾಗಿ ನಡೆಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್ ಹಾಕುತ್ತಾರೆ, ಪುಸ್ತಕ ಕಪಾಟಲ್ಲಿದ್ದೂ ಸಿಗುವುದಿಲ್ಲ.

ಇನ್ನು ಇಲ್ಲಿಯ ಮಳೆಗಾಲ. ಗೋಡೆಗೆ ತಾಗಿದ ಕಪಾಟಿನ ಹಿಂದೆ ಪಸೆ ಬರುತ್ತದೆ. ಜೂನ್‌ಗೆ ಮುಂಚೆ ಕಪಾಟನ್ನು ಒಂದು ಗೇಣು ಮುಂದಕ್ಕೆ ಎಳೆಸಿ. ಹುಳ ಹಿಡಿದ ಪುಸ್ತಕ ಕಂಡರೆ ತಕ್ಷಣ ಬೇರೆ ಇಡಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಅದು ಬೈಂಡರ್ ಕೈಗೆ ಹೋಗಬೇಕಾದ ಕೆಲಸ.

ಇಷ್ಟೆಲ್ಲ ಯಾಕೆ ಅಂತೀರಾ? ಕಪಾಟಿಗೆ ಕನ್ನಡದಲ್ಲಿ ಚೀಟಿ ಅಂಟಿಸಿದ ಮೇಲೆ, ಹತ್ತಿರದ ಹೋಟೆಲಿನ ಕ್ಯಾಶಿಯರ್ ಒಬ್ಬರು, ಕುಂದಾಪುರ ಕಡೆಯವರು, ಅದರ ಮುಂದೆ ನಿಂತರು. ಮಧ್ಯಾಹ್ನದ ಬಿಡುವಲ್ಲಿ ಪೇಪರ್ ಓದಲು ದಿನಾ ಬರುತ್ತಿದ್ದವರು. "ಇಲ್ಲಿ ಕನ್ನಡ ಪುಸ್ತಕ ಉಂಟಾ? ನಮಗೂ ಕೊಡ್ತಾರಾ?" ಅಂತ ಕೇಳಿದರು. ಡಿಪಾಸಿಟ್ ಕಟ್ಟಿ ಅವತ್ತೇ ಮೆಂಬರ್ ಆದರು. ಈಗ ರೂಮಿನ ಹುಡುಗರನ್ನೂ ಕರೆತರುತ್ತಾರೆ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು. ಚೀಟಿ ಇಲ್ಲದ ಕಪಾಟಲ್ಲಿ ಅದು ಆಗುವ ಮಾತಲ್ಲ.

ಠಾಣೆಯಿಂದ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ ಮೇಡಂ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮಹಾರಾಷ್ಟ್ರದ 1967ರ ಗ್ರಂಥಾಲಯ ಕಾಯ್ದೆಯಲ್ಲಿ ಆ ಕರ ಇಲ್ಲ. ಇಲ್ಲಿ ಹೆಚ್ಚಿನ ವಾಚನಾಲಯಗಳನ್ನು ನಡೆಸುವುದು ಸಂಸ್ಥೆಗಳು. ಅ, ಬ, ಕ, ಡ ಅಂತ ವರ್ಗ ನೋಡಿ ಸರ್ಕಾರ ಅನುದಾನ ಕೊಡುತ್ತದೆ. ನಮ್ಮ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು, ದಾದರ್‌ನ ಮುಂಬೈ ಮರಾಠಿ ಗ್ರಂಥ ಸಂಗ್ರಹಾಲಯ 1898ರದ್ದು. ಎರಡೂ ಹೀಗೆ ಜನರೇ ಸೇರಿ ಕಟ್ಟಿದವು.

ಸಣ್ಣ ವಾಚನಾಲಯಗಳಲ್ಲಿ ಸಿಬ್ಬಂದಿ ಕಡಿಮೆ, ಸಂಬಳವೂ ಕಡಿಮೆ. ಹಾಗಾಗಿ ಕೌಂಟರ್, ಹಣ, ದಂಡ ವಸೂಲಿ ನಾವು ಮುಟ್ಟಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಅದು ಅವರ ಹೊಟ್ಟೆಪಾಡು. ಅವರ ಕೈಯಲ್ಲಿ ಉಳಿದುಹೋದ ಕೆಲಸ ಮಾತ್ರ ನಾವು ಮಾಡೋಣ. ಅಭ್ಯಾಸಿಕಾ, ಅಂದರೆ ಕೂತು ಓದುವ ಕೋಣೆ, ಇದ್ದರೆ ಅಲ್ಲಿಯೂ ಕೇಳಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬೆಳಗಿನಿಂದ ರಾತ್ರಿವರೆಗೆ ಕೂತಿರುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ನಿಮ್ಮ ಅನುಭವ ಚಿನ್ನ.

ಚೆಂಬೂರ್‌ನಿಂದ

ಡೊಂಬಿವಲಿಯಿಂದ ಲೋಕಲ್ ಹತ್ತುವುದು ಕಷ್ಟ ಅನಿಸಿದ ದಿನಕ್ಕೆ ಮನೆಯಿಂದಲೇ ಮಾಡುವ ಕೆಲಸವೂ ಇದೆ. ಕಣ್ಣು ಕಾಣದವರಿಗಾಗಿ 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಶುರುವಾಗಿದೆ. 2012ರ ಕಾಪಿರೈಟ್ ತಿದ್ದುಪಡಿಯಿಂದ ಅವರಿಗಾಗಿ ಪುಸ್ತಕದ ರೂಪ ಬದಲಿಸಲು ಕಾನೂನಿನ ಅಡ್ಡಿಯಿಲ್ಲ. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿನಲ್ಲಿ ಅಕ್ಷರವಾಗುವಾಗ ಕನ್ನಡದ ಒತ್ತಕ್ಷರಗಳು ಜಾಸ್ತಿ ತಪ್ಪುತ್ತವೆ. ಓದುವ ಯಂತ್ರ ತಪ್ಪನ್ನೇ ಓದಿಬಿಡುತ್ತದೆ. ಮೂಲ ಪುಟ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದುವವರು ಬೇಕು. ವರ್ಲಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್‌ನಲ್ಲಿ ವಿಚಾರಿಸಿ. ಪರೀಕ್ಷೆಯಲ್ಲಿ ಅವರು ಹೇಳಿದ ಉತ್ತರ ಬರೆದುಕೊಡುವ ರೈಟರ್ ಆಗಿ ಕೂರುವ ಬಗ್ಗೆಯೂ ಕೇಳಿ.

ಮತ್ತೆ ಡೊಂಬಿವಲಿಯಿಂದ

ಎಲ್ಲರಿಗೂ ಧನ್ಯವಾದ. ಕನ್ನಡ ಪುಸ್ತಕದ ಕೆಲಸವೇ ನನಗೆ ಒಪ್ಪುತ್ತದೆ. ಮೊದಲ ದಿನ ಹೋಗುವಾಗ ಏನು ಒಯ್ಯಬೇಕು? ಬೇಡ ಅಂದರೆ?

ಮುಲುಂಡ್‌ನಿಂದ

ಗ್ರಂಥಪಾಲರ ಹೆಸರಿಗೆ ಅರ್ಧ ಪುಟದ ಅರ್ಜಿ, ಗುರುತಿನ ಚೀಟಿಯ ನಕಲು, ಒಂದು ಫೋಟೊ. ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಬರುತ್ತೀರಿ ಅಂತ ಸ್ಪಷ್ಟವಾಗಿ ಬರೆಯಿರಿ. ಹೇಳಿದ ಹೊತ್ತಿಗೆ ಬರುವವರನ್ನೇ ಅವರು ನಂಬುವುದು. ನನಗೂ ಒಂದು ಕಡೆ ಬೇಡ ಅಂದಿದ್ದರು, ಹೊರಗಿನವರ ಕೈಗೆ ಪುಸ್ತಕ ಕೊಡಲು ಹೆದರಿಕೆ. ಅಂಥಲ್ಲಿ ಮೊದಲು ಮೆಂಬರ್ ಆಗಿ, ಮುಖ ಪರಿಚಯ ಆಗಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಮತ್ತು ಕರ್ನಾಟಕ ಸಂಘದಲ್ಲೂ ಒಮ್ಮೆ ಕೇಳಿ ನೋಡಿ. ಮುಲುಂಡ್‌ಗೆ ಬರುವುದಾದರೆ ಶನಿವಾರ ಮಧ್ಯಾಹ್ನ ಬನ್ನಿ ಅಕ್ಕ, ಮಕ್ಕಳ ಪುಸ್ತಕದ ಪಟ್ಟಿ ಇನ್ನೂ ಶುರುವೇ ಆಗಿಲ್ಲ.