ಸ್ಟಾರ್ಟ್ ಮಾಡಿದ ಕೂಡಲೇ ಕಿರ್ರ್ ಅಂತ ಸದ್ದು: ಬೆಲ್ಟ್ ಮನೆಯಲ್ಲೇ ಬದಲಿಸಬಹುದಾ?

ಭಾನುವಾರದ ಸ್ಪ್ಯಾನರ್:

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಪೆಟ್ರೋಲ್ ಕಾರು. ಎಂಜಿನ್ ಮುಂದೆ ಎರಡು ವಿ-ಬೆಲ್ಟ್ ಇವೆ. ಒಂದು ಆಲ್ಟರ್ನೇಟರ್ (ಬ್ಯಾಟರಿಗೆ ಕರೆಂಟ್ ತುಂಬುವುದು) ಮತ್ತು ವಾಟರ್ ಪಂಪ್ ತಿರುಗಿಸುತ್ತದೆ, ಇನ್ನೊಂದು ಎಸಿ ಕಂಪ್ರೆಸರ್‌ದು. ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಕಿರ್ರ್ ಅಂತ ಕಿರುಚಲು ಶುರು. ಸ್ವಲ್ಪ ಹೊತ್ತಿಗೆ ತಾನಾಗೇ ನಿಲ್ಲುತ್ತದೆ. ಹೆಡ್‌ಲೈಟ್ ಹಾಕಿ ಒಂಚೂರು ರೇಸ್ ಕೊಟ್ಟರೆ ಮತ್ತೆ ಬರುತ್ತದೆ. ಮಳೆ ಬಂದ ದಿನವಂತೂ ಕೇಳಲೇಬೇಡಿ, ಅಕ್ಕಪಕ್ಕದವರಿಗೆಲ್ಲ ನಾನು ಹೊರಟದ್ದು ಗೊತ್ತಾಗುತ್ತದೆ.

ಗ್ಯಾರೇಜಿಗೆ ಹೋದಾಗಲೆಲ್ಲ ಬೆಲ್ಟ್ ಟೈಟ್ ಮಾಡಿ ಕಳಿಸುತ್ತಾರೆ. ಕೆಲವು ದಿನ ಸುಮ್ಮನಿರುತ್ತದೆ, ಆಮೇಲೆ ಅದೇ ಕಥೆ. ಸಾಕಾಗಿ ಹೋಗಿದೆ. ಹೊಸ ಬೆಲ್ಟ್ ತಂದು ನಾನೇ ಹಾಕೋಣ ಅಂತಿದ್ದೇನೆ. ಸ್ಪ್ಯಾನರ್ ಸೆಟ್, ಜ್ಯಾಕ್, ಸ್ಟ್ಯಾಂಡ್ ಎಲ್ಲ ಇದೆ. ಆಯಿಲ್, ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸುತ್ತೇನೆ. ಬೆಲ್ಟ್ ಮಾತ್ರ ಮುಟ್ಟಿಲ್ಲ.

ಎಷ್ಟು ಟೈಟ್ ಇರಬೇಕು ಅಂತ ಕೈಯಲ್ಲೇ ತಿಳಿಯುತ್ತದಾ? ಎಸಿ ಬೆಲ್ಟ್ ಸದ್ದು ಮಾಡುತ್ತಿಲ್ಲ, ಅದನ್ನೂ ಬದಲಿಸಬೇಕಾ? ಇನ್ನೊಬ್ಬರು ಬೆಲ್ಟಿಗೆ ಸೋಪು ತಿಕ್ಕಿ ಸಾಕು ಅಂದರು. ಅದು ನಿಜವಾ?

ನಾಲ್ಕನೇ ಗೇರ್:

ಸೋಪು ತಿಕ್ಕಿದರೆ ಸದ್ದು ನಿಲ್ಲುವುದು ನಿಜ ಸರ್. ಬೆಲ್ಟ್ ಸ್ಪ್ರೇ ಅಂತಲೂ ಸಿಗುತ್ತದೆ. ಅದನ್ನು ಹೊಡೆದರೆ ಕೆಲಸ ಮುಗೀತು. ಇಷ್ಟಕ್ಕೆ ಯಾಕೆ ಎಲ್ಲ ಬಿಚ್ಚಬೇಕು?

ಗ್ರೀಸ್ ಕೈ:

ನಾಲ್ಕನೇ ಗೇರ್ ಅವರೇ, ಸದ್ದು ನಿಲ್ಲುತ್ತದೆ, ಜಾರುವುದು ನಿಲ್ಲುವುದಿಲ್ಲ. ಸ್ಪ್ರೇ ಅಂಟಿಗೆ ಧೂಳು ಮೆತ್ತಿಕೊಳ್ಳುತ್ತದೆ, ಆಮೇಲೆ ಬೆಲ್ಟ್ ಕೂರುವ ಚಕ್ರವನ್ನೂ, ಅಂದರೆ ಪುಲಿಯನ್ನೂ ತೊಳೆಯಬೇಕು. ದಯವಿಟ್ಟು ಯಾರೂ ಬೆಲ್ಟಿಗೆ ಏನೂ ಹಚ್ಚಬೇಡಿ.

ಈಗ ಪ್ರಶ್ನೆಗೆ ಬರೋಣ. ಬೆಳಿಗ್ಗೆಯೇ ಯಾಕೆ ಕಿರುಚುತ್ತದೆ ಅಂದರೆ, ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ಹೋದ ಕರೆಂಟನ್ನು ಆಲ್ಟರ್ನೇಟರ್ ವಾಪಸ್ ತುಂಬುತ್ತಿರುತ್ತದೆ. ಆಗ ಅದನ್ನು ತಿರುಗಿಸುವುದು ಭಾರ. ಹೆಡ್‌ಲೈಟ್ ಹಾಕಿದರೆ ಇನ್ನೂ ಭಾರ. ಬೆಲ್ಟಿಗೆ ಹಿಡಿತ ಸಾಲದೆ ಜಾರುತ್ತದೆ. ಹಾಗಾಗಿ ನಿಮ್ಮದು ಆಲ್ಟರ್ನೇಟರ್ ಬೆಲ್ಟೇ, ಅನುಮಾನ ಬೇಡ. ಎಸಿ ಹಾಕಿದ ಕ್ಷಣಕ್ಕೆ ಕಿರುಚಿದ್ದರೆ ಇನ್ನೊಂದನ್ನು ನೋಡಬೇಕಿತ್ತು.

ಹೊಸ ಬೆಲ್ಟ್ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿ ಸದ್ದು ಮಾಡುತ್ತಿರುವಾಗ ದೂರದಿಂದಲೇ ಬೆಲ್ಟಿನ ಒಳಮೈಗೆ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ನೀರು ಚಿಮುಕಿಸಿ. ಅಂಗಿಯ ತೋಳು ಮಡಚಿಕೊಳ್ಳಿ, ಕೈ ಹತ್ತಿರ ತರಬೇಡಿ. ಸದ್ದು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ. ಥಟ್ಟನೆ ನಿಂತು, ನೀರು ಒಣಗಿದ ಮೇಲೆ ಮತ್ತೆ ಬಂದರೆ ಪುಲಿಗಳು ಒಂದೇ ಗೆರೆಯಲ್ಲಿ ಇಲ್ಲ. ಎರಡನೆಯದಾದರೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಅಷ್ಟೇ. ಮಳೆಯಲ್ಲಿ ಜಾಸ್ತಿ ಅಂದಿರಲ್ವಾ, ನಿಮ್ಮದು ಮೊದಲನೆಯದೇ ಇರಬೇಕು.

ಇನ್ನು ಟೈಟ್ ಮಾಡಿದರೂ ಯಾಕೆ ನಿಲ್ಲುತ್ತಿಲ್ಲ? ಇದನ್ನು ಯಾರೂ ನೋಡುವುದಿಲ್ಲ, ಅದೇ ನನಗೆ ಬೇಜಾರು. ವಿ-ಬೆಲ್ಟ್ ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದ ಅಲ್ಲ. ಪುಲಿಯ ತೋಡಿನೊಳಗೆ ಬೆಣೆ ಹೊಡೆದ ಹಾಗೆ ಕೂರುತ್ತದೆ. ಪಕ್ಕ ಸವೆದಷ್ಟೂ ಬೆಲ್ಟ್ ಒಳಗೆ ಇಳಿಯುತ್ತದೆ. ಕೊನೆಗೆ ತಳ ಮುಟ್ಟುತ್ತದೆ. ತಳ ಮುಟ್ಟಿದ ಬೆಲ್ಟಿಗೆ ಬೆಣೆಯ ಹಿಡಿತವೇ ಇರುವುದಿಲ್ಲ, ಎಷ್ಟು ಎಳೆದು ಕಟ್ಟಿದರೂ ಸುಮ್ನೆ ಬೇರಿಂಗ್ ಮೇಲೆ ಭಾರ. ಬೆಲ್ಟ್ ಬಿಚ್ಚಿದ ಮೇಲೆ ಟಾರ್ಚ್ ಹಿಡಿದು ಪುಲಿಯ ತಳ ನೋಡಿ. ಮಾಸಲಾಗಿದ್ದರೆ ಸರಿ. ಕನ್ನಡಿ ಥರ ಫಳಫಳ ಅಂತಿದ್ದರೆ ಬೆಲ್ಟ್ ಅಲ್ಲಿ ಉಜ್ಜಿದೆ. ಹಳೇ ಬೆಲ್ಟಿನ ತಳವೂ ಹೊಳೆಯುತ್ತಿರುತ್ತದೆ. ಹೊಸ ಬೆಲ್ಟ್ ಕೂರಿಸಿದಾಗ ಅದರ ಬೆನ್ನು ಪುಲಿಯ ಅಂಚಿಗೆ ಸರಿಸಮ ಇರಬೇಕು. ಹೊಸದೂ ಒಳಗೆ ಇಳಿದರೆ ಪುಲಿಯೇ ಸವೆದಿದೆ ಅಂತ ಅರ್ಥ, ಇಲ್ಲವೇ ಬೆಲ್ಟಿನ ಅಗಲ ತಪ್ಪಿದೆ.

ಬಿಚ್ಚುವುದು ಕಷ್ಟವಲ್ಲ. ಎಂಜಿನ್ ತಣ್ಣಗಿರಲಿ, ಕೀ ಜೇಬಿನಲ್ಲಿರಲಿ, ಬ್ಯಾಟರಿಯ ಮೈನಸ್ ತೆಗೆದಿಡಿ. ಬೆಲ್ಟ್ ಹೋದ ದಾರಿಯ ಫೋಟೋ ತೆಗೆದುಕೊಳ್ಳಿ. ಹೊರಗಿನ ಬೆಲ್ಟ್ ಬಿಚ್ಚದೆ ಒಳಗಿನದು ಬರುವುದಿಲ್ಲ. ನಿಮ್ಮಲ್ಲಿ ಎಸಿದು ಹೊರಗಿದ್ದರೆ ಅದೂ ಹೇಗಿದ್ದರೂ ಕೈಗೆ ಬರುತ್ತದೆ. ಎರಡೂ ಒಂದೇ ವಯಸ್ಸಿನವಾದರೆ ಎರಡೂ ಬದಲಿಸಿ, ಎರಡು ಸಲ ಯಾಕೆ ಬಿಚ್ಚಬೇಕು? ಆಲ್ಟರ್ನೇಟರಿನ ಕೆಳಗಿನ ಪಿವಟ್ ಬೋಲ್ಟನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಮೇಲಿನ ಲಾಕ್ ಬೋಲ್ಟ್. ಅಡ್ಜಸ್ಟರ್ ಬೋಲ್ಟ್ ಹಿಂದಕ್ಕೆ ತಿರುಗಿಸಿದರೆ ಆಲ್ಟರ್ನೇಟರ್ ಎಂಜಿನ್ ಕಡೆ ಬರುತ್ತದೆ. ಪಿವಟ್ ಸಡಿಲಿಸದೆ ಅಡ್ಜಸ್ಟರ್ ತಿರುಗಿಸಿದರೆ ಅದರ ಥ್ರೆಡ್ಡೇ ಹೋಗುತ್ತದೆ, ಜೋಪಾನ. ಎಸಿ ಬೆಲ್ಟಿಗೆ ಸಾಮಾನ್ಯವಾಗಿ ನಡುವೆ ಒಂದು ಐಡ್ಲರ್ ಪುಲಿ (ಬೆಲ್ಟನ್ನು ಬಿಗಿಯಾಗಿಡುವ ಚಕ್ರ) ಇರುತ್ತದೆ. ಅದರ ಮಧ್ಯದ ನಟ್ ಸಡಿಲಿಸಿ ಅಡ್ಜಸ್ಟರ್ ತಿರುಗಿಸಿದರೆ ಸಾಕು.

ಬೆಲ್ಟ್ ಅಂಗಡಿಗೆ ಹೋಗುವಾಗ ಹಳೇದನ್ನು ಅಳೆದುಕೊಂಡು ಹೋಗಬೇಡಿ. ಅದು ಹಿಗ್ಗಿರುತ್ತದೆ. ಪಾರ್ಟ್ ನಂಬರ್ ಕೊಟ್ಟು ಕೇಳಿ. ಹಾಕುವಾಗ ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬೇಡಿ, ಒಳಗಿನ ದಾರ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಟೈಟ್ ಎಷ್ಟು? ಉದ್ದದ ಕಡೆ, ಎರಡು ಪುಲಿಗಳ ನಡುಮಧ್ಯೆ, ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ. ಸುಮಾರು 10 ಕಿಲೋ ಭಾರ ಹಾಕಿದ ಹಾಗೆ. ಅಂದಾಜು 10 ಮಿಲಿಮೀಟರ್ ತಗ್ಗಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಹೊಸ ಬೆಲ್ಟಿಗೂ ಓಡಿದ ಬೆಲ್ಟಿಗೂ ಬೇರೆ ಬೇರೆ ಅಳತೆ ಕೊಟ್ಟಿರುತ್ತಾರೆ, ನೋಡಿಕೊಳ್ಳಿ. ಎಲ್ಲ ಬಿಗಿ ಮಾಡಿ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ತಣ್ಣಗಾದ ಮೇಲೆ ಮತ್ತೆ ಒತ್ತಿ ನೋಡಿ. ಸಾಮಾನ್ಯವಾಗಿ ಸ್ವಲ್ಪ ಸಡಿಲವಾಗಿರುತ್ತದೆ. ಇನ್ನು ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ.

ಒಂದು ಮುಖ್ಯ ವಿಷಯ. ಬೆಲ್ಟ್ ಬಿಚ್ಚಿರುವಾಗ ಪ್ರತಿ ಪುಲಿಯನ್ನೂ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ, ಬೇರಿಂಗ್ ಸರಿ ಇದೆಯಾ ನೋಡಿ. ಇದನ್ನು ಬಿಟ್ಟರೆ ಮನೆಯಲ್ಲಿ ಮಾಡಿ ಏನು ಬಂತು?

ಹಿಂದಿನ ಸೀಟು:

ಗ್ರೀಸ್ ಕೈ ಅವರೇ, ನನ್ನದು ಹೊಸ ಕಾರು, ಒಂದೇ ಉದ್ದ ಬೆಲ್ಟ್. ಬೆನ್ನ ಮೇಲೆ 6ಪಿಕೆ1750 ಅಂತ ಏನೋ ಇದೆ. ಒಂದು ಬಿರುಕೂ ಇಲ್ಲ, ಆದರೂ ಚೀಂಚೀಂ ಅನ್ನುತ್ತದೆ. ಇದಕ್ಕೂ ಇದೇ ವಿಧಾನವಾ?

ಗ್ರೀಸ್ ಕೈ:

ಇಲ್ಲ ಸರ್, ಅದು ಬೇರೆ ಜಾತಿ. 6 ಅಂದರೆ ಬೆಲ್ಟಿನ ಒಳಮೈಯಲ್ಲಿ ಉದ್ದಕ್ಕೂ ಇರುವ ಆರು ಗೆರೆ, 1750 ಅಂದರೆ ಮಿಲಿಮೀಟರಿನಲ್ಲಿ ಉದ್ದ. ಈಗಿನ ಬೆಲ್ಟುಗಳ ರಬ್ಬರ್ ಬಿರುಕು ಬಿಡುವುದೇ ಕಡಿಮೆ, ಟೈರಿನ ಥರ ಸವೆಯುತ್ತದೆ. ಹಾಗಾಗಿ ಬಿರುಕಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅನ್ನಲಾಗದು. ಗೆರೆಗಳ ಆಳ ನೋಡಿ. ಟೈಟ್ ಮಾಡುವ ಕೆಲಸ ಸ್ಪ್ರಿಂಗ್ ಟೆನ್ಷನರ್‌ದು, ಉದ್ದ ಹಿಡಿಯ ರಾಡಿನಿಂದ ಅದನ್ನು ತಿರುಗಿಸಿ ಹಿಡಿದು ಬೆಲ್ಟ್ ಜಾರಿಸಬೇಕು. ಕೆಲವು ಗಾಡಿಗಳಲ್ಲಿ ಟೆನ್ಷನರೇ ಇರುವುದಿಲ್ಲ, ಹಿಗ್ಗುವ ಬೆಲ್ಟ್ ಇರುತ್ತದೆ. ಅದನ್ನು ಹಾಕಲು ಬೇರೆ ಟೂಲ್ ಬೇಕು. ಚೀಂಚೀಂ ಅನ್ನುವುದು ಸಾಮಾನ್ಯವಾಗಿ ಪುಲಿ ವಾರೆಯಾದಾಗ. ಮೊದಲು ನೀರಿನ ಪರೀಕ್ಷೆ ಮಾಡಿ. ಬೆಲ್ಟ್ ಹಾಕುವಾಗ ಒಂದು ಗೆರೆ ಆಚೀಚೆ ಆದರೂ ಬೆಲ್ಟ್ ಚಿಂದಿಯಾಗುತ್ತದೆ, ಎಲ್ಲ ಪುಲಿಯ ಮೇಲೂ ಬೆರಳಾಡಿಸಿ ನೋಡಿ.

ಭಾನುವಾರದ ಸ್ಪ್ಯಾನರ್:

ಬಿಚ್ಚಿದೆ ಗುರುಗಳೇ. ಪುಲಿಯ ತಳ ನೀವು ಹೇಳಿದ ಹಾಗೆ ಫಳಫಳ. ಬೆಲ್ಟಿನ ಪಕ್ಕಗಳು ಪಾಲಿಶ್ ಮಾಡಿದ ಬೂಟಿನಂತೆ ನುಣ್ಣಗಾಗಿವೆ, ಉಗುರು ಆಡಿಸಿದರೂ ಹಿಡಿತ ಇಲ್ಲ. ಎಸಿ ಕಡೆ ಎಲ್ಲ ಸರಿ ಇದೆ.

ಆದರೆ ವಾಟರ್ ಪಂಪಿನ ಪುಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನುತ್ತದೆ. ತಿರುಗಿಸಿದರೆ ಒಳಗೆ ಮರಳಿದ್ದ ಹಾಗೆ. ಪುಲಿಯ ಹಿಂದೆ, ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತಿದೆ. ಅಲ್ಲಿಂದ ಕೆಳಕ್ಕೆ ಹಸಿರು ಬಣ್ಣದ ಕಲೆ, ಉಪ್ಪು ಕಟ್ಟಿದಂತೆ ಒಣಗಿದೆ. ಹೊಸ ಬೆಲ್ಟ್ ಕೈಯಲ್ಲಿದೆ. ಸದ್ಯಕ್ಕೆ ಬೆಲ್ಟ್ ಹಾಕಿ ಪಂಪ್ ಆಮೇಲೆ ನೋಡಲಾ?

ಗ್ರೀಸ್ ಕೈ:

ಬೇಡ. ಪಂಪ್ ಮೊದಲು. ಆ ತೂತು ಇರುವುದೇ ಒಳಗಿನ ಸೀಲ್ ಹೋದಾಗ ನಿಮಗೆ ತಿಳಿಯಲಿ ಅಂತ. ಸೋರಿದ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬೆಲ್ಟಿಗೂ ಬೀಳುತ್ತಿತ್ತು, ಜಾರಲು ಅದೂ ಒಂದು ಕಾರಣ. ಹೊಸ ಬೆಲ್ಟ್ ಹಾಕಿದರೆ ಅದೂ ನೆನೆದು ಕಿರುಚುತ್ತದೆ. ಪಂಪ್ ಬೇರಿಂಗ್ ಪೂರ್ತಿ ಹೋದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಆಗ ಖರ್ಚಿನ ಲೆಕ್ಕವೇ ಬೇರೆ. ಟೈಟ್ ಮಾಡಿ ಮಾಡಿಯೇ ಬೇರಿಂಗ್ ಹೋಯಿತು ಅಂತ ಹೇಳಲಾರೆ, ಆದರೆ ಅದರಿಂದ ಒಳ್ಳೆಯದಂತೂ ಆಗಿರುವುದಿಲ್ಲ.

ಹೊಸ ಪಂಪ್, ಹೊಸ ಗ್ಯಾಸ್ಕೆಟ್, ಹೊಸ ಕೂಲಂಟ್. ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆಯಿರಿ. ತುಂಬಿಸಿದ ಮೇಲೆ ಗಾಳಿ ಹೊರಗೆ ಬಿಡಿ. ಪುಲಿಗಳ ಮೇಲಿನ ಕೂಲಂಟ್ ಕಲೆ ಒರೆಸಿ ಒಣಗಿಸಿದ ಮೇಲೇ ಹೊಸ ಬೆಲ್ಟ್.

ಆಮೇಲೆ, ಹಳೇ ಬೆಲ್ಟ್ ಇನ್ನೂ ಬಿಸಾಡಬೇಡಿ. ಪಂಪಿನ ಪುಲಿ ಕಳಚಲು ಅದರ ಮುಂದಿನ ಬೋಲ್ಟುಗಳನ್ನು ಬಿಚ್ಚಬೇಕಲ್ವಾ, ಬೆಲ್ಟ್ ಇಲ್ಲದಿದ್ದರೆ ಪುಲಿ ಸ್ಪ್ಯಾನರ್ ಜೊತೆಗೇ ತಿರುಗುತ್ತದೆ. ಹಳೇದನ್ನೇ ಮತ್ತೆ ಹಾಕಿ, ಟೈಟ್ ಮಾಡಿ, ಬೋಲ್ಟುಗಳನ್ನು ಸಡಿಲಿಸಿಕೊಳ್ಳಿ. ಆಮೇಲೆ ಬಿಸಾಡಿ.