ಅಪ್‌ಡೇಟ್: ಹಳೆ ವಿಂಡೋಸ್ ಕೀ ಹೊಸ ಕಂಪ್ಯೂಟರಿಗೆ ಬಂತು
ಬದಿಯಡ್ಕದ ನಮ್ಮ ಡಿಟಿಪಿ ಅಂಗಡಿಯ ಹಳೆ ಕಂಪ್ಯೂಟರಿನ ವಿಂಡೋಸ್ 10 ಪ್ರೊ ಲೈಸೆನ್ಸನ್ನು ಹೊಸದಕ್ಕೆ ಹಾಕಬಹುದಾ ಅಂತ ಕೇಳಿದ್ದೆ ಅಲ್ವಾ? ಆಯಿತು.

ನೀವು ಹೇಳಿದಂತೆ ಮೊದಲು ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಕೊಟ್ಟೆ. ಲೈಸೆನ್ಸ್ ಯಾವ ಬಗೆಯದು ಅಂತ ಹೇಳುವ ಆ ಕಮಾಂಡ್ ‘ರಿಟೇಲ್’ (ಬಿಡಿಯಾಗಿ ಕೊಂಡದ್ದು, ಬೇರೆ ಕಂಪ್ಯೂಟರಿಗೂ ಹಾಕಬಹುದು) ಅಂತ ತೋರಿಸಿತು. ಹೋದ ಜೀವ ಬಂತು! ‘ಒಇಎಂ’ (ಕಂಪ್ಯೂಟರಿನ ಜೊತೆಗೇ ಬಂದದ್ದು) ಅಂತ ಇದ್ದಿದ್ದರೆ ಅದು ಹಳೆ ಮದರ್‌ಬೋರ್ಡಿಗೇ ಕಟ್ಟಿದ್ದು, ಬೇರೆ ಕಡೆ ನಡೆಯುವುದಿಲ್ಲ. ಆಮೇಲೆ ಅಡ್ಮಿನ್ ಆಗಿ ಅದೇ ಕಮಾಂಡಿಗೆ ‘/ಡಿಎಲ್‌ಐ’ ಬದಲು ‘/ಯುಪಿಕೆ’ ಕೊಟ್ಟು ಹಳೆಯದರಿಂದ ಕೀ (ಲೈಸೆನ್ಸಿನ 25 ಅಕ್ಷರದ ಕೋಡ್) ತೆಗೆದೆ. ಆದರೆ ಆ 25 ಅಕ್ಷರ ಮೊದಲೇ ಕೈಯಲ್ಲಿರಬೇಕು, ಈ ಕಮಾಂಡ್ ಅದನ್ನು ತೋರಿಸುವುದಿಲ್ಲ. ನಮ್ಮದು ಬಿಲ್ಲಿನ ಜೊತೆ ಪೆಟ್ಟಿಗೆಯಲ್ಲೇ ಇತ್ತು.

ಹೊಸದರಲ್ಲಿ ವಿಂಡೋಸ್ 11 ಪ್ರೊ ಹಾಕಿ ಅದೇ ಕೀ ಕೊಟ್ಟೆ, ಆಕ್ಟಿವೇಟ್ ಆಯಿತು. ಪೇಟೆಯಲ್ಲಿ ಒಬ್ಬರು ಹೊಸ ಲೈಸೆನ್ಸೇ ತೆಗೆದುಕೊಳ್ಳಿ ಅಂದಿದ್ದರು. ಸುಮ್ನೆ ಖರ್ಚು! ಇನ್ನು ಕನ್ನಡ, ಮಲಯಾಳಂ ಕೀಬೋರ್ಡ್ ಸೇರಿಸುವುದೊಂದು ಬಾಕಿ.