ಎಲ್ಲವನ್ನೂ ಮನೆಯಲ್ಲೇ ಮಾಡುತ್ತಿದ್ದೇನೆ, ಆದರೂ ಖರ್ಚು ಇಳಿಯುತ್ತಿಲ್ಲ

ಹಾಲುಕೆನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮನೆಯಲ್ಲಿ ಐದು ಜನ ಇದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮ ಅತ್ತೆ. ಮೂರು ತಿಂಗಳಿಂದ ಒಬ್ಬರ ಸಂಬಳದಲ್ಲೇ ಮನೆ ನಡೆಯಬೇಕಾಗಿದೆ. ಹಾಗಾಗಿ ಹೊರಗಿಂದ ತರುವುದನ್ನು ನಿಲ್ಲಿಸಿ ಆದಷ್ಟೂ ಮನೆಯಲ್ಲೇ ಮಾಡೋಣ ಅಂತ ಶುರು ಮಾಡಿದೆ. ಮೊಸರು, ಪನೀರ್, ಬ್ರೆಡ್, ಮಸಾಲೆ ಪುಡಿ, ಟೊಮೆಟೊ ಸಾಸ್, ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ದ್ರವ, ಒಂದನ್ನೂ ಬಿಟ್ಟಿಲ್ಲ. ಭಾನುವಾರ ಪೂರ್ತಿ ಅಡುಗೆಮನೆಯಲ್ಲೇ ಹೋಗುತ್ತದೆ. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ.

ಕೈಕೊಟ್ಟಿದ್ದೂ ಬಹಳ. ಮೊಸರು ಒಂದು ದಿನ ಗಟ್ಟಿಯಾಗಿ ಬರುತ್ತದೆ, ಇನ್ನೊಂದು ದಿನ ಚಮಚ ಎತ್ತಿದರೆ ಎಳೆ ಎಳೆ. ರಾಜ್ಮಾ ಎಷ್ಟು ಬೇಯಿಸಿದರೂ ಒಳಗೆ ಗಟ್ಟಿ. ಬ್ರೆಡ್ ಮೂರು ಸಲವೂ ಉಬ್ಬಲಿಲ್ಲ. ಸೋಪು ತುರಿದು ವಾಷಿಂಗ್ ಸೋಡಾ ಸೇರಿಸಿ ಬಟ್ಟೆ ಪುಡಿ ಮಾಡಿದ್ದೆ, ಈಗ ಟವೆಲ್‌ಗಳೆಲ್ಲ ಒರಟಾಗಿವೆ, ನೀರೇ ಹೀರುವುದಿಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬಾಟಲಿಗೆ ತುಂಬಿಟ್ಟೆ, ರಾತ್ರಿ ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಮಕ್ಕಳು ಹತ್ತಿರ ಇರಲಿಲ್ಲ, ಪುಣ್ಯ.

ಸುಸ್ತಾಗಿದೆ. ಯಾವುದನ್ನು ಮನೆಯಲ್ಲಿ ಮಾಡಿದರೆ ನಿಜಕ್ಕೂ ಉಳಿಯುತ್ತದೆ, ಯಾವುದನ್ನು ಬಿಡಬಹುದು? ಅನುಭವ ಇರುವವರು ಹೇಳಿ.

ಡಬ್ಬಿಸಾಲು:

ಮೊದಲು ಒಂದು ಮಾತು. ನೀವು ಕಡಿಮೆ ಕೆಲಸ ಮಾಡುತ್ತಿಲ್ಲ, ಕೆಲಸ ತಪ್ಪು ಜಾಗದಲ್ಲಿ ಹೋಗುತ್ತಿದೆ ಅಷ್ಟೇ. ನನಗೂ ಹೀಗೇ ಆಗಿತ್ತು.

ಏನು ಮಾಡುತ್ತೀರಿ ಅನ್ನುವ ಪಟ್ಟಿ ಪಕ್ಕಕ್ಕಿಡಿ. ಏನು ಎಸೆಯುತ್ತೀರಿ ಅಂತ ಒಂದು ವಾರ ಬರೆಯಿರಿ. ನಾನು ಕಸದ ಬುಟ್ಟಿಯ ಮೇಲೆ ಗೋಡೆಗೆ ಒಂದು ಹಾಳೆ ಅಂಟಿಸಿ ದಾರದಲ್ಲಿ ಪೆನ್ಸಿಲ್ ಕಟ್ಟಿದ್ದೆ. ಬುಟ್ಟಿಗೆ ಬೀಳುವ ಮುಂಚೆ ಹಾಳೆಗೆ ಬರೆಯಬೇಕು, ಮನೆಯವರೆಲ್ಲರೂ. ವಾರದ ಕೊನೆಗೆ ನೋಡಿದರೆ ಅರ್ಧ ಕಟ್ಟು ಕೊಳೆತ ಸೊಪ್ಪು, ಎರಡು ಸೌತೆಕಾಯಿ, ಒಂದು ಬಟ್ಟಲು ಬೇಳೆ, ನಾಲ್ಕು ಸಲ ಅನ್ನ, ಬ್ರೆಡ್ಡಿನ ತುದಿಗಳು. ನಾನು ಕಷ್ಟಪಟ್ಟು ಮಾಡಿದ ಸಾಸ್ ಕೂಡ ಆ ಹಾಳೆಯಲ್ಲಿತ್ತು. ಅದನ್ನು ಓದಿ ಬಹಳ ಬೇಜಾರಾಯಿತು, ಆದರೆ ಉತ್ತರ ಅಲ್ಲೇ ಸಿಕ್ಕಿತು. ಮನೆಯಲ್ಲಿ ಮಾಡಿದ್ದನ್ನು ಎಸೆದರೆ ಸಾಮಾನಿನ ಜೊತೆ ಗ್ಯಾಸೂ ಹೋಯಿತು, ನಿಮ್ಮ ಭಾನುವಾರವೂ ಹೋಯಿತು.

ಆಮೇಲೆ ನಾನು ಬದಲಾಯಿಸಿದ್ದು ಎರಡೇ. ತರಕಾರಿ ತರುವ ಹಿಂದಿನ ದಿನ ಹೊಸದೇನೂ ಮಾಡುವುದಿಲ್ಲ. ಫ್ರಿಜ್ಜಿನಲ್ಲಿ ಏನಿದೆಯೋ ಅದೆಲ್ಲ ಹೆಚ್ಚಿ ಒಂದೇ ಪಾತ್ರೆಗೆ, ಜೊತೆಗೆ ಬೇಳೆಯೋ ಮೊಟ್ಟೆಯೋ. ಎರಡನೆಯದು, ಬೇಗ ಕೆಡುವ ಸಾಮಾನು ಫ್ರಿಜ್ಜಿನಲ್ಲಿ ಕಣ್ಣಿನ ಮಟ್ಟದಲ್ಲಿ ಇರಬೇಕು. ಕೆಳಗಿನ ಡ್ರಾಯರ್‌ನಲ್ಲಿ ಹಾಕಿದರೆ ಮರೆತೇ ಹೋಗುತ್ತದೆ ಅಲ್ವಾ?

ಒಣಗಿದ ಬ್ರೆಡ್ ಎಸೆಯಬೇಡಿ. ಗರಿಗರಿಯಾಗುವವರೆಗೆ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ಹಾಕಿ. ಬೂಸ್ಟು ಬಂದಿದ್ದರೆ ಮಾತ್ರ ಪೂರ್ತಿ ಎಸೆಯಿರಿ, ಆ ಭಾಗ ಕತ್ತರಿಸಿ ಉಳಿದದ್ದು ತಿನ್ನುವುದು ಬೇಡ.

ಅನ್ನದ ವಿಷಯದಲ್ಲಿ ಉಳಿತಾಯಕ್ಕಿಂತ ಎಚ್ಚರ ಮುಖ್ಯ. ಅಕ್ಕಿಯಲ್ಲಿ ಇರುವ ಕೆಲವು ಬ್ಯಾಕ್ಟೀರಿಯಾ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಹೊರಗೆ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಿಕ್ಕಿದ್ದನ್ನು ಅಗಲವಾದ ತಟ್ಟೆಗೆ ಹರಡಿ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಇಡಿ, ಮಾರನೇ ದಿನ ಮುಗಿಸಿ.

ಹಾಲುಕೆನೆ:

ಹಾಳೆ ಇವತ್ತೇ ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೇ ಮೂರು ಸಾಲು ತುಂಬಿದೆ. ಕಾಳು, ಮೊಸರಿನ ಬಗ್ಗೆಯೂ ಯಾರಾದರೂ ಹೇಳುತ್ತೀರಾ?

ಕಾಳುಮೂಟೆ:

ಕಾಳಿನ ಬಗ್ಗೆ ನಾನು ಹೇಳುತ್ತೇನೆ. ಬಜೆಟ್ ಅಡುಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಒಂದು ಲೋಟ ಒಣ ಕಾಳು ಬೆಂದ ಮೇಲೆ ಎರಡೂವರೆಯಿಂದ ಮೂರು ಲೋಟ ಆಗುತ್ತದೆ. ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳಿಗೆ ಕೊಡುವ ದುಡ್ಡಿನಲ್ಲಿ ನೀರಿಗೂ ಡಬ್ಬಿಗೂ ಕೊಟ್ಟಂತೆ.

ಬೇಯದೇ ಇರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಕಾಳು ಬಹಳ ಹಳೆಯದು. ಅಥವಾ ನೀರು ಗಡಸು. ಅಥವಾ ಟೊಮೆಟೊ, ನಿಂಬೆ ಥರ ಹುಳಿಯನ್ನು ಮೊದಲೇ ಹಾಕಿದ್ದೀರಿ. ಹುಳಿ ಇದ್ದರೆ ಕಾಳು ಮೆತ್ತಗಾಗುವುದು ತುಂಬಾ ನಿಧಾನ, ಅದಕ್ಕೆ ಪೂರ್ತಿ ಬೆಂದ ಮೇಲೇ ಹಾಕಬೇಕು. ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಅನ್ನುತ್ತಾರೆ, ಅದು ನಿಜವಲ್ಲ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ ರಾತ್ರಿ ನೆನೆಸಿ ನೋಡಿ, ಸಿಪ್ಪೆ ಎಷ್ಟು ಮೃದುವಾಗಿ ಬೇಯುತ್ತದೆ ಅಂತ ಗೊತ್ತಾಗುತ್ತದೆ. ನೀರು ಗಡಸಾಗಿದ್ದರೆ ಬೇಯಿಸುವಾಗ ಒಂದೇ ಚಿಟಿಕೆ ಅಡುಗೆ ಸೋಡಾ ಸಾಕು, ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ.

ರಾಜ್ಮಾ ಒಳಗೆ ಗಟ್ಟಿ ಇತ್ತು ಅಂದಿರಲ್ಲ, ಅದನ್ನು ಮಕ್ಕಳಿಗೆ ಕೊಡಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷಕಾರಿ ಅಂಶ ಇದೆ. ಅರೆಬರೆ ಬೆಂದದ್ದನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಬೇಕು, 30 ನಿಮಿಷ ಆದರೆ ಪೂರ್ತಿ ನೆಮ್ಮದಿ. ಪ್ರೆಶರ್ ಕುಕ್ಕರಿನಲ್ಲಾದರೆ ತೊಂದರೆ ಇಲ್ಲ. ನಿಧಾನ ಉರಿಯ ಎಲೆಕ್ಟ್ರಿಕ್ ಪಾತ್ರೆಯಲ್ಲಿ ನೇರವಾಗಿ ಬೇಯಿಸಬೇಡಿ, ಅಷ್ಟು ಬಿಸಿ ಏರದೇ ಇರಬಹುದು. ಬೆಂದಿದೆಯಾ ಅಂತ ನೋಡಲು ನಾನು ಐದು ಕಾಳು ತೆಗೆದು ಒಂದೊಂದನ್ನೂ ಬೆರಳಲ್ಲಿ ಹಿಸುಕುತ್ತೇನೆ. ನಾಲ್ಕು ಬೆಣ್ಣೆ ಥರ ಇದ್ದು ಒಂದು ಗಟ್ಟಿ ಇದ್ದರೂ ಇನ್ನೊಂದು ಸುತ್ತು ಬೇಯಿಸುತ್ತೇನೆ.

ಇನ್ನು ಮೊಸರು. ಹಾಲು ಚೆನ್ನಾಗಿ ಕಾಯಿಸಿ, ಉಕ್ಕು ಬಂದ ಕೂಡಲೇ ಇಳಿಸಬೇಡಿ. ಸಣ್ಣ ಉರಿಯಲ್ಲಿ ಇನ್ನೊಂದೈದು ನಿಮಿಷ ಬಿಟ್ಟರೆ ಹಾಲಿನ ಪ್ರೋಟೀನು ಬದಲಾಗಿ ಮೊಸರು ಗಟ್ಟಿ ಕೂರುತ್ತದೆ. ಆಮೇಲೆ 43ರಿಂದ 45 ಡಿಗ್ರಿಗೆ ಆರಬೇಕು. ಥರ್ಮಾಮೀಟರ್ ಇಲ್ಲವೇ? ತೊಳೆದ ಬೆರಳು ಅದ್ದಿ ಹತ್ತು ಎಣಿಸಿ. ಬಿಸಿ ತಿಳಿಯಬೇಕು, ಆದರೆ ಬೆರಳು ತೆಗೆಯಬೇಕು ಅನ್ನಿಸಬಾರದು. ಜಾಸ್ತಿ ಬಿಸಿ ಇದ್ದರೆ ಹೆಪ್ಪು ಸಾಯುತ್ತದೆ. ತಣ್ಣಗಾದ ಹಾಲಿಗೆ ಹಾಕಿದರೆ, ಇಲ್ಲವೇ ಹೆಪ್ಪು ತುಂಬಾ ಹಳೆಯದಾಗಿದ್ದರೆ ನೀವು ಹೇಳಿದ ಹಾಗೆ ಎಳೆ ಬರುತ್ತದೆ. ಲೀಟರಿಗೆ ಎರಡು ಚಮಚ ಹೆಪ್ಪು ಸಾಕು. ಬೆಚ್ಚಗೆ ಬಟ್ಟೆ ಸುತ್ತಿ ಆರರಿಂದ ಎಂಟು ಗಂಟೆ ಮುಟ್ಟಬೇಡಿ, ಅಲ್ಲಾಡಿಸಲೂ ಬೇಡಿ. ಮುಂದಿನ ಹೆಪ್ಪನ್ನು ಊಟಕ್ಕೆ ಕೂರುವ ಮುಂಚೆಯೇ ಒಂದು ಪುಟ್ಟ ಬಟ್ಟಲಿಗೆ ತೆಗೆದಿಡಿ.

ಪನೀರ್ ದಿನಾ ಮಾಡಿದರೆ ಉಳಿಯುವುದಿಲ್ಲ. ಒಂದು ಲೀಟರ್ ಹಾಲಿಗೆ ಸಿಗುವುದು 150ರಿಂದ 200 ಗ್ರಾಂ ಅಷ್ಟೇ. ಹಾಲು ಮಿಕ್ಕಿ ಇನ್ನೇನು ಕೆಡುತ್ತದೆ ಅನ್ನುವ ದಿನ ಮಾಡಿ, ಸೋಸಿದ ನೀರಿನಲ್ಲಿ ಹಿಟ್ಟು ಕಲಸಿ.

ಬಿಳಿಸುಣ್ಣ:

ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಬಾಟಲಿ ಮುಚ್ಚಳದ ವಿಷಯ ಓದಿ ಗಾಬರಿಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಅಡುಗೆ ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಲ್ಲುತ್ತವೆ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಉಳಿಯುವುದು ನೀರು ಮತ್ತು ಸ್ವಲ್ಪ ಸೋಡಿಯಂ ಅಸಿಟೇಟ್. ಅದರಿಂದ ಹೆಚ್ಚು ಕೊಳೆ ಹೋಗುವುದಿಲ್ಲ. ನೊರೆ ನೋಡಿ ನಾವು ಕೆಲಸ ಆಗುತ್ತಿದೆ ಅಂದುಕೊಳ್ಳುತ್ತೇವೆ. ಮುಚ್ಚಿದ ಬಾಟಲಿಯಲ್ಲಿ ಅನಿಲಕ್ಕೆ ಹೋಗಲು ಜಾಗವಿಲ್ಲ, ಅದಕ್ಕೇ ಮುಚ್ಚಳ ಹಾರಿದ್ದು. ಎರಡನ್ನೂ ಬೇರೆ ಬೇರೆ ಬಳಸಿ. ಜಿಡ್ಡಿಗೆ, ತಳ ಹಿಡಿದ ಪಾತ್ರೆಗೆ ಸೋಡಾ. ನೀರಿನ ಬಿಳಿ ಕಲೆಗೆ, ಕೆಟಲ್ ಒಳಗಿನ ಪದರಕ್ಕೆ ವಿನೆಗರ್. ಕೆಟಲ್‌ನಲ್ಲಿ ವಿನೆಗರ್ ಮತ್ತು ನೀರು ಸಮ ಸಮ ಹಾಕಿ ಕುದಿಸಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ, ಪದರ ಪುಡಿಯಾಗಿ ಎದ್ದು ಬರುತ್ತದೆ. ಅಮೃತಶಿಲೆಯ ಮೇಲೆ ಮಾತ್ರ ವಿನೆಗರ್ ಬೇಡ, ಹೊಳಪು ತಿನ್ನುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಬೇಡಿ, ಕಪ್ಪಾಗುತ್ತದೆ.

ಮನೆಯವರಿಗೆಲ್ಲ ಇದನ್ನು ಹೇಳಿ: ಬ್ಲೀಚ್ ಜೊತೆ ಏನನ್ನೂ ಬೆರೆಸಬಾರದು. ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್. ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ.

ಟವೆಲ್ ಕಥೆಗೆ ಕಾರಣ ಸೋಪು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೋಪು ಸೇರಿ ಕರಗದ ಗಷ್ಟಾಗಿ ನೂಲಿನಲ್ಲಿ ಕೂರುತ್ತದೆ. ಬಕೆಟ್ ಬಿಸಿನೀರಿಗೆ ಅರ್ಧ ಲೋಟ ವಾಷಿಂಗ್ ಸೋಡಾ ಕರಗಿಸಿ (ಕೈಗೆ ಗ್ಲೌಸ್ ಇರಲಿ) ಟವೆಲ್ ನಾಲ್ಕು ಗಂಟೆ ನೆನೆಸಿ. ಆಮೇಲೆ ಮಾಮೂಲಿ ಡಿಟರ್ಜೆಂಟ್‌ನಲ್ಲಿ ಎರಡು ಸಲ ಒಗೆಯಿರಿ. ಬಟ್ಟೆ ಪುಡಿಯನ್ನು ಹೊರಗಿಂದಲೇ ತನ್ನಿ, ಇದು ನನ್ನ ಖಚಿತ ಅಭಿಪ್ರಾಯ. ಪೊಟ್ಟಣದ ಮೇಲೆ ಬರೆದಷ್ಟೇ ಅಳೆದು ಹಾಕಿದರೆ ಅಲ್ಲೇ ಉಳಿತಾಯ ಆಗುತ್ತದೆ. ನೆಲಕ್ಕೆ ಒಂದು ಬಕೆಟ್ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ, ಅಷ್ಟೇ ಸಾಕು.

ಹಿಟ್ಟಿನಕೈ:

ಬ್ರೆಡ್ ಬಿಡಿ ಅಂತ ಎಲ್ಲರೂ ಹೇಳುವ ಮುಂಚೆ ನನ್ನದೂ ಒಂದು ಮಾತು. ಮಕ್ಕಳು ದಿನಾ ಬ್ರೆಡ್ ತಿನ್ನುವ ಮನೆಯಾದರೆ ಬಿಡಬೇಡಿ. ನಿಮ್ಮ ಯೀಸ್ಟ್ ಸತ್ತಿರಬೇಕು. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಯೀಸ್ಟ್ ಹಾಕಿ 10 ನಿಮಿಷ ಬಿಡಿ. ನೊರೆ ಬರದಿದ್ದರೆ ಆ ಯೀಸ್ಟ್ ಎಸೆಯಿರಿ.

ನಾದುವ ಕೆಲಸವೂ ಬೇಡ. 400 ಗ್ರಾಂ ಮೈದಾ, 300 ಎಂಎಲ್ ನೀರು, ಒಂದೂವರೆ ಟೀ ಚಮಚ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಕೈಗೆ ಅಂಟುವ ಹಾಗೆ ಕಲಸಿ ಮುಚ್ಚಿ 12ರಿಂದ 18 ಗಂಟೆ ಬಿಡಿ, ಸೆಖೆ ಇದ್ದರೆ ಇನ್ನೂ ಬೇಗ ಆಗುತ್ತದೆ. ಮೇಲೆಲ್ಲ ಗುಳ್ಳೆ ಬಂದು ಅಲ್ಲಾಡಿಸಿದರೆ ತುಳುಕಬೇಕು. ಉಂಡೆ ಮಾಡಿ ಇನ್ನೊಂದೆರಡು ಗಂಟೆ ಬಿಡಿ. ಆಮೇಲೆ 230 ಡಿಗ್ರಿಗೆ ಕಾದ ದಪ್ಪ ತಳದ ಪಾತ್ರೆಗೆ ಹಾಕಿ, ಮುಚ್ಚಳ ಹಾಕಿ 30 ನಿಮಿಷ, ತೆಗೆದು 15 ನಿಮಿಷ. ಒಂದೇ ಸಲ ಎರಡು ಬೇಯಿಸಿ. ಒಂದಕ್ಕಾಗಿ ಓವನ್ ಕಾಯಿಸಿದರೆ ಕರೆಂಟಿಗೇ ಎಲ್ಲ ಹೋಗುತ್ತದೆ.

ಹಾಲುಕೆನೆ:

ಎರಡು ವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು.

ಹಾಳೆಯಲ್ಲಿ ಮೊದಲ ವಾರ 31 ಸಾಲು, ಈ ವಾರ 12. ಅತ್ತೆಯೇ ಈಗ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಾರೆ, ಯಾವ ಡಬ್ಬಿಯಲ್ಲಿ ಏನು ಮಿಕ್ಕಿದೆ ಅಂತ ಬೆಳಗ್ಗೆಯೇ ಹೇಳುತ್ತಾರೆ. ಮೊಸರು ಸತತ ಒಂಬತ್ತು ದಿನ ಗಟ್ಟಿಯಾಗಿ ಬಂದಿದೆ. ಟವೆಲ್ ನೆನೆಸಿದ ನೀರು ಬೂದಿ ಬಣ್ಣಕ್ಕೆ ತಿರುಗಿತು, ನೋಡಿದರೆ ನಂಬಲಾಗಲಿಲ್ಲ. ಸಾಸ್, ಬಟ್ಟೆ ಪುಡಿ, ದಿನದ ಪನೀರ್ ಬಿಟ್ಟೆ. ಮೊಸರು, ಕಾಳು, ಮಸಾಲೆ ಪುಡಿ ಉಳಿಸಿಕೊಂಡಿದ್ದೇನೆ. ಯೀಸ್ಟ್ ಸತ್ತಿತ್ತು, ಹೊಸದು ತಂದೆ. ಬ್ರೆಡ್ ವಾರಕ್ಕೊಂದು ದಿನ, ಎರಡು. ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಕೂತಿದ್ದೆ, ಮೂರು ತಿಂಗಳಲ್ಲಿ ಮೊದಲ ಸಲ.

ಒಂದೇ ಪ್ರಶ್ನೆ ಉಳಿದಿದೆ. ಕಾಳು ಒಂದೇ ಸಲ ಜಾಸ್ತಿ ಬೇಯಿಸಿ ಫ್ರೀಜರ್‌ನಲ್ಲಿ ಇಡಬಹುದಾ?

ಕಾಳುಮೂಟೆ:

ಧಾರಾಳವಾಗಿ ಇಡಿ. ಬೇಗ ಆರಿಸಿ, ಬೆಂದ ನೀರಿನ ಸಮೇತ ಒಂದೊಂದು ಹೊತ್ತಿಗೆ ಬೇಕಾಗುವಷ್ಟನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಮೇಲೆ ಎರಡು ಬೆರಳು ಜಾಗ ಬಿಡಿ, ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. ತಾರೀಕು ಬರೆದು ಅಂಟಿಸಿ, ಮೂರು ತಿಂಗಳೊಳಗೆ ಮುಗಿಸಿ. ಬೇಕಾದ ಹಿಂದಿನ ರಾತ್ರಿ ಕೆಳಗಿನ ಫ್ರಿಜ್ಜಿಗೆ ಇಳಿಸಿಟ್ಟರೆ ಬೆಳಗ್ಗೆ ನೇರ ಒಗ್ಗರಣೆಗೆ ಹಾಕಬಹುದು.